ತಟ್ಟಿ ನೋಡಿದ ಮಾತು

"ಗುರುಗಳೇ, ನಮ್ಮಮ್ಮ ಯಾರು ಏನು ಹೇಳಿದರೂ ನಂಬುತ್ತಾಳೆ. ಹೋದ ತಿಂಗಳು ಮೋಸಹೋದಳು. ಅವಳ ಪೆಟ್ಟಿಗೆಗೆ ನಾನೇ ಬೀಗ ಹಾಕಿದೆ. ಅವಳನ್ನು ಕಾಪಾಡಲು ಇನ್ನೇನು ಮಾಡಲಿ?" ಎಂದು ಶಿಷ್ಯನೊಬ್ಬ ಚಹಾದಂಗಡಿಯಲ್ಲಿ ಕೇಳಿದ.

"ನನಗೆ ಮೋಸ ಮಾಡುವವನು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ," ಎಂದರು ಗುರುಗಳು. ಒಂದು ಗುಟುಕು ಕುಡಿದು, "ಸುಳ್ಳು. ಮೊನ್ನೆಯೇ ಒಬ್ಬ ಒಂದು ಬುಟ್ಟಿ ಹುಳಿ ಮಾವನ್ನು ಸಿಹಿಯೆಂದು ನನ್ನ ತಲೆಗೆ ಕಟ್ಟಿದ. ಅದಿರಲಿ, ಕತೆ ಕೇಳು," ಎಂದರು.

ಒಂದೂರಿನಲ್ಲಿ ಒಬ್ಬ ಕುಂಬಾರ ಅಜ್ಜಿ ಇದ್ದಳು. ಆ ಊರಿನ ಕುಂಬಾರರು ತಾವು ಮಾಡಿದ ಗಡಿಗೆಯನ್ನು ತಾವೇ ತಟ್ಟಿ ನೋಡುತ್ತಿರಲಿಲ್ಲ. ಬಿರುಕಿದ್ದರೂ ತನ್ನ ಗಡಿಗೆ ತನ್ನ ಕಿವಿಗೆ ಯಾವಾಗಲೂ ಠಣ್ ಎನ್ನುತ್ತದೆ. ಆದ್ದರಿಂದ ಸಂತೆಗೆ ಹೊರಡುವ ಮುಂಚೆ ನೆರೆಯವನು ತಟ್ಟಬೇಕು. ಅಜ್ಜಿಗೂ ನೆರೆಯ ಕುಂಬಾರನಿಗೂ ಮಣ್ಣಿನ ಗುಂಡಿಯ ಜಗಳದಿಂದ ಎರಡು ವರ್ಷ ಮಾತಿರಲಿಲ್ಲ. ತಟ್ಟುವುದು ಮಾತ್ರ ತಪ್ಪಿರಲಿಲ್ಲ. ಅವನು ತಟ್ಟುತ್ತಿದ್ದ, ಹೂಂ ಎನ್ನುತ್ತಿದ್ದ, ಮುಖ ತಿರುಗಿಸುತ್ತಿದ್ದ.

ಅಜ್ಜಿ ಹಿಂದೊಮ್ಮೆ ಹಿತ್ತಾಳೆಯ ಬಳೆಯನ್ನು ಚಿನ್ನವೆಂದು ಕೊಂಡಿದ್ದಳು. ಮಗ ಊರಿಗೆಲ್ಲ ಕೇಳುವಂತೆ ಬೈದು, ಅವಳ ಪೆಟ್ಟಿಗೆಗೆ ಬೀಗ ಜಡಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ.

ಒಂದು ದಿನ ಕೊಡೆ ಹಿಡಿದವನೊಬ್ಬ ಜಗಲಿಗೆ ಬಂದ. "ಅಜ್ಜೀ, ನಿಮ್ಮ ಆವಿಗೆಯ ಜಾಗಕ್ಕೆ ಸರ್ಕಾರದ ಸಹಾಯ ಬಂದಿದೆ. ಈ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ. ಯಾರಿಗೂ ಹೇಳಬೇಡಿ, ದೃಷ್ಟಿಯಾಗುತ್ತದೆ," ಎಂದು ಬೆರಳಿಗೆ ಮಸಿಯನ್ನೂ ಹಚ್ಚಿಬಿಟ್ಟ. ಗಂಡನ ಕಾಲದಿಂದ ಗಡಿಗೆ ಸುಟ್ಟ ಜಾಗ. ಅವಳ ಅನ್ನವೆಲ್ಲ ಅಲ್ಲೇ ಬೆಂದಿತ್ತು.

ಅಜ್ಜಿಯ ಕಿವಿಗೆ ಆ ಮಾತು ಠಣ್ ಎಂದಿತು. ಹಿತ್ತಾಳೆಯ ಬಳೆಯೂ ಹೀಗೇ ಠಣ್ ಎಂದಿತ್ತು. ಅದಕ್ಕೇ ಅವಳಿಗೆ ಅನುಮಾನ ಬಂತು. ಅವನ ಕೈಗೆ ಮಜ್ಜಿಗೆ ಕೊಟ್ಟು ಒಳಗೆ ಹೋದಳು. ಹಿತ್ತಿಲಲ್ಲಿ ಮಗ ಮಣ್ಣು ತುಳಿಯುತ್ತಿದ್ದ. ಅವನನ್ನು ದಾಟಿಕೊಂಡು ಬೇಲಿಯ ಬಳಿ ನಿಂತಳು.

"ಮಾತು ಬಿಟ್ಟಿದ್ದೀವಿ, ನೆನಪಿದೆ. ಇದೊಂದನ್ನು ತಟ್ಟಿ ನೋಡು," ಎಂದು ನೆರೆಯವನಿಗೆ ಎಲ್ಲವನ್ನೂ ಹೇಳಿದಳು.

ಅವನು ಬೈಯಲಿಲ್ಲ, ಕಿಸಕ್ಕನೆ ನಕ್ಕ. "ಅಕ್ಕಾ, 'ಕೊಳ್ಳಿ, ಆದರೆ ತಟ್ಟಬೇಡಿ' ಅಂತ ಗಡಿಗೆ ಮಾರುವವನನ್ನು ಯಾವ ಸಂತೆಯಲ್ಲಾದರೂ ಕಂಡಿದ್ದೀಯಾ?"

ಅಜ್ಜಿ ಹೆಬ್ಬೆಟ್ಟಿನ ಮಸಿಯನ್ನು ಅವನ ಬೇಲಿಗೇ ಒರೆಸಿದಳು. ಹೋದವಳು ಒಬ್ಬಳು, ಬಂದವರು ಇಬ್ಬರು. ಅದನ್ನು ಕಂಡದ್ದೇ ತಡ, ಜಗಲಿಯಲ್ಲಿದ್ದವನು ಮಜ್ಜಿಗೆಯನ್ನೂ ಕೊಡೆಯನ್ನೂ ಬಿಟ್ಟು ಓಡಿದ. ಆ ಕೊಡೆ ಯಾರಿಗೆಂದು ಅವರಿಬ್ಬರಿಗೂ ಮತ್ತೆ ಜಗಳವಾಯಿತಂತೆ. ಅದನ್ನು ನಾನು ಕಣ್ಣಾರೆ ನೋಡಿಲ್ಲ. ಉಳಿದದ್ದನ್ನೂ ನೋಡಿಲ್ಲ.

ಶಿಷ್ಯ ಕೇಳಿದ: "ಮಗ ಹಿತ್ತಿಲಲ್ಲೇ ಇದ್ದನಲ್ಲ, ಅವನನ್ನೇ ಯಾಕೆ ಕೇಳಲಿಲ್ಲ?"

"ಪೆಟ್ಟಿಗೆಗೆ ಹಾಕಿದ ಬೀಗ ಅವಳ ಬಾಯಿಗೂ ಬಿದ್ದಿತ್ತು," ಎಂದರು ಗುರುಗಳು. "ಸರಿ, ಚಹಾದ ದುಡ್ಡು ನೀನು ಕೊಡು."

ಶಿಷ್ಯ ಜೇಬಿಗೆ ಕೈ ಹಾಕಿದ. ಚಿಲ್ಲರೆಯ ಜೊತೆಗೆ ಬೀಗದ ಕೈಯೂ ಬಂತು. ಎರಡನ್ನೂ ಅಂಗೈಯಲ್ಲಿ ಹರಡಿಕೊಂಡ.

"ಚಿಲ್ಲರೆ ಅಂಗಡಿಯವನಿಗೆ, ಇನ್ನೊಂದು ಅಮ್ಮನಿಗೆ," ಎಂದರು ಗುರುಗಳು.