ಏಡಿ ಹಿಂದಿರುಗಿಸಿದ ಶಂಖ

ಸಮುದ್ರರಾಯರು ಏಡಿಗೆ ವಾಸಕ್ಕೆಂದು ಒಂದು ಶಂಖವನ್ನು ಸಾಲವಾಗಿ ಕೊಟ್ಟಿದ್ದರು. ಹುಣ್ಣಿಮೆಗೊಂದು ಮುತ್ತಿನಂತೆ ಸಾಲ ತೀರಿಸಬೇಕು, ತಪ್ಪಿದರೆ ಶಂಖ ರಾಯರದೇ ಎಂಬುದು ಕರಾರು. ಮೂರು ಹುಣ್ಣಿಮೆ ತಪ್ಪಿದವು. ಇನ್ನು ಮುತ್ತು ಸಿಗುವ ದಾರಿಯೂ ಇರಲಿಲ್ಲ.

ಒಂದು ಮಧ್ಯಾಹ್ನ ನೀರು ದೂರ ಸರಿದು, ಮರಳೆಲ್ಲ ಹಾಲು ಚೆಲ್ಲಿದಂತೆ ಹೊಳೆಯುತ್ತಿದ್ದಾಗ, ಏಡಿ ಶಂಖದ ಒಳಗನ್ನು ಚೊಕ್ಕಟವಾಗಿ ಗುಡಿಸತೊಡಗಿತು.

"ನಿನಗೇನು ಹುಚ್ಚೇ? ಅವರಾಗಿ ಎಳೆದು ಹಾಕುವವರೆಗೂ ಕಚ್ಚಿ ಹಿಡಿದುಕೊಂಡಿರು," ಎಂದಿತು ಬಂಡೆಗೆ ಅಂಟಿಕೊಂಡಿದ್ದ ಸಿಂಪಿ.

"ನಾನು ದಿವಾಳಿ ಎದ್ದಾಯಿತು, ಸಿಂಪಕ್ಕ. ಅವರು ಎಳೆಯುವ ದಿನ ಶಂಖದ ಜೊತೆ ನನ್ನ ಕಾಲುಗಳೂ ಹೋಗುತ್ತವೆ. ಇವತ್ತು ನಾನೇ ಬಿಟ್ಟರೆ ಶಂಖ ಮಾತ್ರ ಹೋಗುತ್ತದೆ," ಎನ್ನುತ್ತ ಏಡಿ ಬರಿಮೈಯಲ್ಲಿ ಹೊರಬಂತು.

ಶಂಖವನ್ನು ನೀರಿನಂಚಿಗೆ ಉರುಳಿಸಿಕೊಂಡು ಹೋಗಿ, "ತಗೊಳ್ಳಿ ರಾಯರೇ, ನಿಮ್ಮ ಮನೆ," ಎಂದಿತು. ಸಣ್ಣದೊಂದು ಅಲೆ ಬಂದು ಅದನ್ನು ಒಯ್ದಿತು.

ಏಡಿ ದೂರದ ಒದ್ದೆ ಕಲ್ಲೊಂದರ ಅಡಿ ಮುದುಡಿಕೊಂಡಿತು. ಶಂಖದೊಳಗೆ ಹಗಲಿರುಳೂ ಒಂದು ಮೊರೆತ ಕೇಳುತ್ತಿತ್ತು. ಅದನ್ನು ತನ್ನ ಮನೆಯ ಜೋಗುಳವೆಂದೇ ಏಡಿ ನಂಬಿತ್ತು. ಇಲ್ಲಿ ಆ ಸದ್ದಿರಲಿಲ್ಲ. ಇಷ್ಟು ದಿನ ಕೇಳಿದ್ದು ರಾಯರ ತಗಾದೆ ಎಂದು ಅದಕ್ಕೆ ಆಗ ಹೊಳೆಯಿತು.

ಹಾಗೆ ಯೋಚಿಸುತ್ತಿರುವಾಗಲೇ ಅದಕ್ಕೆ ನಿದ್ದೆ ಹತ್ತಿತು.