ತಾನೇ ಬಾಯಿ ಬಿಡುವ ಇಕ್ಕಳ

“ಗುರುಗಳೇ, ನನ್ನ ಜೊತೆಗೆ ಬಂದವರನ್ನೆಲ್ಲ ಹರಸಿ ಕಳಿಸಿದಿರಿ. ನನಗೆ ಮಾತ್ರ ಇನ್ನೊಂದು ವರ್ಷ ಇರು, ಇನ್ನೊಂದು ವರ್ಷ ಇರು ಎನ್ನುತ್ತೀರಿ. ನಾನು ಅಷ್ಟು ದಡ್ಡನೇ?” ಎಂದು ಶಿಷ್ಯ ಕೇಳಿದ.

ಗುರುಗಳು, “ಕೂತುಕೋ. ಒಬ್ಬ ಮೆಕ್ಯಾನಿಕ್ಕಿನ ಕತೆ ಹೇಳುತ್ತೇನೆ” ಎಂದರು.

ಒಬ್ಬ ಮೆಕ್ಯಾನಿಕ್ ಇದ್ದ. ಮೋಟಾರ್‌ಸೈಕಲ್ಲಿನ ವೈರಿಂಗ್ ಕೆಲಸದಲ್ಲಿ ಅವನದು ಎತ್ತಿದ ಕೈ. ಅವನ ಹತ್ತಿರ ಎರಡು ಇಕ್ಕಳಗಳಿದ್ದವು. ಒಂದು ಕ್ರಿಂಪಿಂಗ್ ಇಕ್ಕಳ. ವೈರಿನ ತುದಿಗೆ ಪಿನ್ನು ಇಟ್ಟು ಒತ್ತಿದರೆ, ಬೇಕಾದಷ್ಟು ಬಿಗಿಯಾಗುವವರೆಗೆ ಅದು ಬಾಯಿ ಬಿಡುವುದಿಲ್ಲ. ಬಿಗಿಯಾದ ಮೇಲೆ ತಾನೇ ಬಿಡುತ್ತದೆ. ಇನ್ನೊಂದು ಹಳೆಯ ಕಬ್ಬಿಣದ ಇಕ್ಕಳ. ಅದನ್ನು ಎಷ್ಟು ಬೇಕಾದರೂ ಒತ್ತಬಹುದು. ಸಾಕು ಎಂಬುದು ಅದಕ್ಕೆ ಗೊತ್ತಿಲ್ಲ.

ಊರವರ ಗಾಡಿಗಳಿಗೆಲ್ಲ ಅವನು ಮೊದಲನೆಯದನ್ನು ಬಳಸುತ್ತಿದ್ದ. ಹೆಂಡತಿಯ ಗಾಡಿಗೆ ಮಾತ್ರ ಎರಡನೆಯದು. ಅವಳು ನರ್ಸ್. ಹೆರಿಗೆ ಮಾಡಿಸಲು ಗುಡ್ಡದ ಮೇಲಿನ ಹಳ್ಳಿಗಳಿಗೆ ಒಬ್ಬಳೇ ಹೋಗುವವಳು. ದಾರಿಯಲ್ಲಿ ಗಾಡಿ ಕೈಕೊಟ್ಟರೆ ಗತಿಯೇನು ಎಂದು ಅವನಿಗೆ ದಿಗಿಲು. ಇಕ್ಕಳ ತಾನಾಗಿ ಬಿಟ್ಟುಬಿಟ್ಟರೆ ಮನಸ್ಸಿಗೆ ಸಮಾಧಾನವಿಲ್ಲ. ಹಾಗಾಗಿ ಎರಡೂ ಕೈ ಹಾಕಿ, ಹಲ್ಲು ಕಚ್ಚಿ, ಕಬ್ಬಿಣದ ಇಕ್ಕಳದಿಂದ ಒತ್ತುತ್ತಿದ್ದ. ಎಂಥ ಪ್ರೀತಿ ನೋಡು!

ಆ ಗಾಡಿಯೇ ಮತ್ತೆ ಮತ್ತೆ ಕೆಡುತ್ತಿತ್ತು. ಒಂದು ದಿನ ಅವಳು ಹೆರಿಗೆ ಮಾಡಿಸಲು ಹೋಗುವಾಗ ಏರಿನಲ್ಲಿ ನಿಂತೇಬಿಟ್ಟಿತು. ಗಾಡಿಯನ್ನು ಅಲ್ಲೇ ಬಿಟ್ಟು ಓಡಿದಳು. ತಲುಪಿದಾಗ ಮಗು ಹುಟ್ಟಿಯಾಗಿತ್ತು, ಅಳುತ್ತಿರಲಿಲ್ಲ. ಬೆನ್ನು ಉಜ್ಜಿ ಉಜ್ಜಿ, ಕೊನೆಗೆ ಅದರ ಬಾಯಿಂದ ಅಳು ಹೊರಡಿಸಿದಳು. ಮನೆಗೆ ಬಂದು ಗಂಡನ ಮೇಲೆ ಸಿಟ್ಟು ಮಾಡಲಿಲ್ಲ. “ಊರ ಗಾಡಿಗಳೆಲ್ಲ ಓಡ್ತವೆ. ನಂದೊಂದೇ ಯಾಕ್ರೀ ನಿಲ್ಲುತ್ತೆ?” ಎಂದಷ್ಟೇ ಕೇಳಿದಳು. ಅವನಿಗೆ ತಲೆ ಎತ್ತಲಾಗಲಿಲ್ಲ.

ಇನ್ನೂ ಗಟ್ಟಿಯಾಗಿ ಒತ್ತುವ ಇಕ್ಕಳ ಬೇಕೆಂದು ಅವನು ಪೇಟೆಗೆ ಹೋದ. ಕೆಟ್ಟ ವೈರನ್ನೂ ಒಯ್ದಿದ್ದ. ಅಂಗಡಿಯ ಮುದುಕ ಪಿನ್ನನ್ನು ಬಿಡಿಸಿ ನೋಡಿದ. ಒಳಗಿನ ತಾಮ್ರದ ಎಳೆಗಳಲ್ಲಿ ಎರಡು ಮೂರು ಬಿಟ್ಟು ಉಳಿದವೆಲ್ಲ ಒತ್ತಿದ ಜಾಗದಲ್ಲೇ ತುಂಡಾಗಿದ್ದವು.

“ಇದು ನಿನ್ನ ಮನೆಯವರ ಗಾಡೀದೇ ಇರಬೇಕು” ಎಂದ ಮುದುಕ.

“ಹೌದು. ನಿಮಗೆ ಹೇಗೆ ಗೊತ್ತಾಯ್ತು?”

“ಬೇರೆಯವರ ಗಾಡಿಗೆ ಯಾರಪ್ಪ ಇಷ್ಟು ಒತ್ತುತ್ತಾರೆ? ತಾನೇ ಬಾಯಿ ಬಿಡೋ ಇಕ್ಕಳ ಇದೆ ತಾನೆ ನಿನ್ನ ಹತ್ರ? ಹೊಸದೇನೂ ಬೇಡ, ಹೋಗು. ಅದು ಬಿಟ್ಟ ಮೇಲೆ ನೀನೂ ಬಿಡು.”

ಅವನು ಮನೆಗೆ ಬಂದು ಹಾಗೆಯೇ ಮಾಡಿದ. ಇಕ್ಕಳ ಬಾಯಿ ಬಿಟ್ಟಿತು. ಇನ್ನೊಂದು ಸಲ ಒತ್ತಲು ಜೀವ ಹಾತೊರೆಯಿತು. ಒತ್ತಲಿಲ್ಲ. ಮಾರನೆಯ ಬೆಳಿಗ್ಗೆ ಹೆಂಡತಿ ಹೊರಟಳು. ಗಾಡಿಯ ಸದ್ದು ಏರು ದಾಟಿ ಕೇಳದಾಗುವವರೆಗೂ ಅವನು ಬಾಗಿಲಲ್ಲೇ ನಿಂತಿದ್ದ. ಅವನಿಗೆ ಅಳು ಬಂತು. ಸಂತೋಷಕ್ಕೋ ಭಯಕ್ಕೋ ಅವನಿಗೇ ತಿಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಲೆ ತಗ್ಗಿಸಿ, “ಅಂದರೆ ನಾನಿನ್ನೂ ಬೇಕಾದಷ್ಟು ಬಿಗಿಯಾಗಿಲ್ಲ, ಅಲ್ಲವೇ?” ಎಂದ.

“ನೀನು ಕಲಿತು ಮುಗಿಸಿ ಎರಡು ವರ್ಷವಾಯಿತು ಮಗೂ, ಬಿಟ್ಟಿರಲಾರದವನು ನಾನು.”