ಬಾಗಿನದ ಮೊರ

ಕೆರೆ ತುಂಬಿತ್ತು. ಹಳೇ ಏರಿ ನಡುವೆ ಕುಸಿದಿತ್ತು, ಅದರ ಕೆಳಗೇ ಊರು. ಏರಿ ಸರಿಮಾಡಿಸಿ ಎಂದು ಕೆರೆ ಕಾಯುವ ನೀರುಗಂಟಿ ಪಟೇಲರಿಗೆ ಹೇಳಿ ಹೇಳಿ ಸೋತಿದ್ದ. ಪಟೇಲರದ್ದು ಒಂದೇ ಮಾತು:

"ನಮ್ಮ ತಾತ ಕಟ್ಟಿಸಿದ ಏರಿ ಕಣೋ, ಕಲ್ಲಿದ್ದಂಗಿದೆ! ಬಾಗಿನಕ್ಕೆ ಅದರ ನಡುಮಧ್ಯೆ ಚಪ್ಪರ ಹಾಕು."

ಹಾಕಿದ. ಪಟೇಲರು ಪೇಟ ಸುತ್ತಿ ಬಂದು ಚಪ್ಪರದಡಿ ನಿಂತರು. ಮೊರ ಹಿಡಿದು ಹಿಂದೆ ಬರುತ್ತಿದ್ದ ಅವರ ಹೆಂಡತಿ ಚೆನ್ನಾಜಮ್ಮನಿಗೆ ನೀರುಗಂಟಿ ಏರಿಯ ತುದಿಯಲ್ಲೇ ಅಡ್ಡ ನಿಂತ.

"ಅವ್ವಾರು ಇಲ್ಲೇ ಇರ್ಲಿ ಬುದ್ಧಿ."

"ಬಾಗಿನ ದಂಪತಿ ಸೇರಿ ಬಿಡಬೇಕು ಕಣೋ!"

"ಏರಿ ಮೇಲೆ ತಮಗೆ ನಂಬಿಕೆ ಐತೆ, ತಾವು ನಿಂತ್ಕಳಿ. ಇವರು ನಂಗೆ ಅನ್ನ ಇಕ್ಕಿದ ತಾಯಿ. ಅಲ್ಲಿಗೆ ಬಿಡಲಾರೆ."

ಪಟೇಲರು ಹೆಂಡತಿಯನ್ನು ನೋಡಿದರು. ಕಾಲ ಕೆಳಗಿನ ಬಿರುಕು ನೋಡಿದರು.

"ಬರಬೇಡ ಕಣೇ!" ಎಂದು ಕೂಗಿಬಿಟ್ಟರು.

ಆಮೇಲೆ ಊರೆಲ್ಲ ಕೇಳಿಸಿಕೊಂಡದ್ದಕ್ಕೆ ನಾಚಿದರು.

ಅಂದೇ ತೂಬು ತೆಗೆದು ನೀರು ಇಳಿಸಿದರು. ಊರೇ ಏರಿಗೆ ಮಣ್ಣು ಹೊತ್ತಿತು. ಮೊದಲ ಮಣ್ಣು ಹಾಕಿದ್ದು ದಂಪತಿ ಸೇರಿ, ಅದೇ ಬಾಗಿನದ ಮೊರದಲ್ಲಿ.